ಹ್ಯಾರಿ ಫರ್ಗ್ಯೂಸನ್: ನೇಗಿಲಿನಿಂದ ನಾಲ್ಕು ಚಕ್ರಗಳ ಚಾಲನೆಯವರೆಗೆ

ಹಿಮ ಬೀಳುವ ನಾಡುಗಳಲ್ಲಿ ನೆಲೆಸಿದ ಕನ್ನಡಿಗರು ಕಾರು ಕೊಳ್ಳಲು ಹೊರಟಾಗ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆ ಇರಬೇಕೇ ಎಂಬುದೂ ಒಂದು. ಕೆನಡಾದ ಆಂಟೇರಿಯೊದಲ್ಲಿ ಬಹುಕಾಲದಿಂದ ವಾಸವಾಗಿರುವ ನನಗೂ, ಇಂಜಿನಿಯರ್ ಎಂಬ ಕಾರಣಕ್ಕೆ, ಪ್ರತಿ ಚಳಿಗಾಲದ ಮುನ್ನ ಈ ಪ್ರಶ್ನೆ ಬರುತ್ತದೆ. ಫೋರ್ ವೀಲ್ ಡ್ರೈವ್, ಆಲ್ ವೀಲ್ ಡ್ರೈವ್, ಪಾರ್ಟ್ ಟೈಮ್, ಫುಲ್ ಟೈಮ್ ಎಂಬ ಹೆಸರುಗಳ ಗೊಂದಲವನ್ನು ಬಿಡಿಸಲು ನನಗೆ ತಿಳಿದಿರುವ ಅತ್ಯಂತ ಸುಲಭವಾದ ದಾರಿಯೆಂದರೆ ಒಬ್ಬ ವ್ಯಕ್ತಿಯ ಜೀವನವನ್ನು ಹೇಳುವುದು. ಆತನ ಹೆಸರು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಮ್ಯಾಸೀ ಫರ್ಗ್ಯೂಸನ್ ಟ್ರ್ಯಾಕ್ಟರನ್ನು ಕಂಡವರೆಲ್ಲರೂ ಆ ಹೆಸರಿನ ಉತ್ತರಾರ್ಧವನ್ನು ಓದಿದ್ದಾರೆ. ಆದರೆ ಆ ಹೆಸರಿನ ಮನುಷ್ಯ ತನ್ನ ಕೊನೆಯ ಹತ್ತು ವರ್ಷಗಳನ್ನು ಕಾರುಗಳಿಗಾಗಿ ಸವೆಸಿದನೆಂಬುದು ಬಹಳ ಜನರಿಗೆ ತಿಳಿಯದು.

ಹ್ಯಾರಿ ಫರ್ಗ್ಯೂಸನ್ ಜನಿಸಿದ್ದು 1884ರ ನವೆಂಬರ್ 4ರಂದು, ಇಂದಿನ ಉತ್ತರ ಐರ್ಲೆಂಡಿನ ಡೌನ್ ಕೌಂಟಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಅದು ರೈತ ಕುಟುಂಬ. ಮನೆ ತುಂಬ ಮಕ್ಕಳು. ತಂದೆಯದು ಕಟ್ಟುನಿಟ್ಟಾದ ಧಾರ್ಮಿಕ ಶಿಸ್ತು. ಹೊಲದ ದುಡಿಮೆಯೂ ಮನೆಯ ಕಟ್ಟಳೆಗಳೂ ಒಗ್ಗದ ಹುಡುಗ 1902ರಲ್ಲಿ ಬೆಲ್‌ಫಾಸ್ಟ್ ನಗರಕ್ಕೆ ಹೋಗಿ, ಅಣ್ಣನ ಸೈಕಲ್ ಮತ್ತು ಕಾರು ದುರಸ್ತಿಯ ಅಂಗಡಿಯಲ್ಲಿ ಕೆಲಸ ಕಲಿತನು. ರೈಟ್ ಸೋದರರ ಸಾಧನೆಯ ಸುದ್ದಿ ಯೂರೋಪನ್ನು ತಲುಪಿದ್ದ ಕಾಲವದು. ಫರ್ಗ್ಯೂಸನ್ ತಾನೇ ಒಂದು ವಿಮಾನವನ್ನು ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಸುಮಾರು 120 ಮೀಟರ್ ದೂರ ಹಾರಿಸಿದನು. ಐರ್ಲೆಂಡಿನ ನೆಲದಿಂದ ಮೇಲೆದ್ದ ಮೊದಲ ವಿಮಾನ ಅದೇ. 1911ರಲ್ಲಿ ಅವನು ಸ್ವಂತ ಮೋಟಾರು ವ್ಯಾಪಾರವನ್ನು ಆರಂಭಿಸಿದನು.

ಮೊದಲನೆಯ ಮಹಾಯುದ್ಧ ಅವನನ್ನು ಮರಳಿ ಹೊಲಕ್ಕೆ ತಂದಿತು. ಆಹಾರದ ಕೊರತೆ ತೀವ್ರವಾದಾಗ, 1917ರಲ್ಲಿ, ಐರ್ಲೆಂಡಿನ ಕೃಷಿ ಇಲಾಖೆ ಟ್ರ್ಯಾಕ್ಟರುಗಳ ಬಳಕೆಯನ್ನು ಸುಧಾರಿಸುವ ಹೊಣೆಯನ್ನು ಅವನಿಗೆ ವಹಿಸಿತು. ಹಳ್ಳಿಹಳ್ಳಿ ಸುತ್ತಿದಾಗ ಅವನಿಗೆ ಎರಡು ದೋಷಗಳು ಕಂಡವು. ಅಂದಿನ ಟ್ರ್ಯಾಕ್ಟರು ನೇಗಿಲನ್ನು ಸರಪಳಿಯಿಂದ ಕಟ್ಟಿದ ಬಂಡಿಯಂತೆ ಹಿಂದೆ ಎಳೆಯುತ್ತಿತ್ತು. ಚಕ್ರ ಜಾರದಿರಲೆಂದು ಯಂತ್ರವನ್ನು ಭಾರವಾಗಿ ಮಾಡಬೇಕಿತ್ತು. ಆ ಭಾರವೇ ಮಣ್ಣನ್ನು ಅದುಮಿ ಕೆಡಿಸುತ್ತಿತ್ತು. ಎರಡನೆಯದು ಜೀವಕ್ಕೇ ಕುತ್ತು ತರುವಂಥದು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಸತ್ತ ರೈತರು ಹಲವರು.

ಫರ್ಗ್ಯೂಸನ್ ಮತ್ತು ಅವನ ಸಹಾಯಕ ವಿಲ್ಲೀ ಸ್ಯಾಂಡ್ಸ್ ಕಂಡುಕೊಂಡ ಪರಿಹಾರ ಇಂದು ಲೋಕದ ಬಹುಪಾಲು ಟ್ರ್ಯಾಕ್ಟರುಗಳ ಬೆನ್ನಿಗಿದೆ. ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸಿ, ಅದನ್ನು ಹೈಡ್ರಾಲಿಕ್ ಬಲದಿಂದ ಏರಿಳಿಸುವುದು. ಎತ್ತಿನ ನೇಗಿಲು ಹಿಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ನೆಲ ಗಟ್ಟಿಯಾದಾಗ ರೈತ ಮೇಳಿಯ ಮೇಲಿನ ಒತ್ತನ್ನು ಸಡಿಲಿಸುತ್ತಾನೆ, ಮೆತ್ತಗಾದಾಗ ಅದುಮುತ್ತಾನೆ. ಆ ಕೈಯ ಅರಿವನ್ನು ಫರ್ಗ್ಯೂಸನ್ ಯಂತ್ರಕ್ಕೆ ಕಲಿಸಿದನು. ಮಣ್ಣಿನ ಪ್ರತಿರೋಧ ಹೆಚ್ಚಾದರೆ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ, ಮುಂಭಾಗ ಮೇಲೇಳಲಾರದು. ನೇಗಿಲಿನ ಭಾರ ಹಿಂದಿನ ಚಕ್ರಗಳಿಗೆ ವರ್ಗವಾಗುವುದರಿಂದ ಹಗುರವಾದ ಯಂತ್ರವೂ ಜಾರದೆ ಎಳೆಯುತ್ತದೆ. ಇದಕ್ಕೆ 1926ರಲ್ಲಿ ಪೇಟೆಂಟ್ ದೊರೆಯಿತು. ಚಕ್ರದ ಹಿಡಿತವನ್ನು ಬರಿಯ ಭಾರದಿಂದಲ್ಲ, ಬಲಗಳ ಹಂಚಿಕೆಯಿಂದ ಪಡೆಯಬೇಕೆಂಬ ಈ ತಿಳಿವಳಿಕೆಯೇ ಮುಂದೆ ಅವನ ಕಾರುಗಳ ಬುನಾದಿಯಾಯಿತು.

ಆ ಮುಂದಿನ ಕಾಲು ಶತಮಾನ ಟ್ರ್ಯಾಕ್ಟರಿನದು. 1936ರಲ್ಲಿ ಡೇವಿಡ್ ಬ್ರೌನ್ ಕಂಪನಿಯೊಡನೆ ಮೊದಲ ತಯಾರಿಕೆ ನಡೆಯಿತು. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನ ಮುಂದೆ ತನ್ನ ಯಂತ್ರವನ್ನು ಉತ್ತು ತೋರಿಸಿದನು. ಕಾಗದಪತ್ರವಿಲ್ಲದೆ, ಕೈ ಕುಲುಕಿದ್ದೇ ಒಪ್ಪಂದವಾಯಿತು. ಆ ನಂಬಿಕೆಯ ಮೇಲೆ ಮೂರು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ತಯಾರಾದವು. ಆದರೆ ಅಧಿಕಾರ ಮೊಮ್ಮಗನ ಕೈಗೆ ಬಂದಾಗ ಫೋರ್ಡ್ ಕಂಪನಿ ಒಪ್ಪಂದವನ್ನು ಕೊನೆಗಾಣಿಸಿ, ಅದೇ ಜೋಡಣೆಯ ಟ್ರ್ಯಾಕ್ಟರನ್ನು ತಾನೇ ಮಾರತೊಡಗಿತು. ಫರ್ಗ್ಯೂಸನ್ ನ್ಯಾಯಾಲಯದ ಮೆಟ್ಟಿಲೇರಿದನು, 1952ರಲ್ಲಿ 92.5 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಈ ನಡುವೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗುತ್ತಿದ್ದ ಅವನ ಬೂದುಬಣ್ಣದ ಟಿಇ20 ಟ್ರ್ಯಾಕ್ಟರು 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದಿತು. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿದ್ದು ಇದೇ ಟ್ರ್ಯಾಕ್ಟರುಗಳಲ್ಲಿ.

1953ರಲ್ಲಿ ಟೊರಾಂಟೊ ನಗರದ ಮ್ಯಾಸೀ-ಹ್ಯಾರಿಸ್ ಕಂಪನಿ ಅವನ ಉದ್ಯಮವನ್ನು ತನ್ನಲ್ಲಿ ವಿಲೀನಗೊಳಿಸಿಕೊಂಡಿತು. ಬೆಲೆಯಲ್ಲಿ ಉಳಿದ ಹತ್ತು ಲಕ್ಷ ಡಾಲರುಗಳ ವ್ಯತ್ಯಾಸವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು, ಫರ್ಗ್ಯೂಸನ್ ಸೋತನು. ಮರುವರ್ಷವೇ ಅವನು ಆ ಕಂಪನಿಯಿಂದ ಹೊರಬಂದನು. ಹಟಮಾರಿಯೂ ಅತಿಯಾದ ಅಚ್ಚುಕಟ್ಟಿನವನೂ ಆದ ಅವನಿಗೆ ಇತರರ ಅಂಕೆಯಲ್ಲಿ ದುಡಿಯುವುದು ಸಾಧ್ಯವಿರಲಿಲ್ಲ. ಅಷ್ಟರಲ್ಲಿ ಅವನ ಮನಸ್ಸು ಬೇರೆಡೆಗೆ ಹರಿದಿತ್ತು.

ರೇಸಿನ ಚಾಲಕರಾಗಿದ್ದ ಫ್ರೆಡ್ಡೀ ಡಿಕ್ಸನ್ ಮತ್ತು ಟೋನಿ ರೋಲ್ಟ್ ನಾಲ್ಕು ಚಕ್ರಗಳ ಚಾಲನೆಯ ಕಾರಿನ ಪ್ರಯೋಗ ನಡೆಸಿದ್ದರು. 1950ರಲ್ಲಿ ಫರ್ಗ್ಯೂಸನ್ ಅವರೊಡನೆ ಸೇರಿ ಹ್ಯಾರಿ ಫರ್ಗ್ಯೂಸನ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಆಸ್ಟನ್ ಮಾರ್ಟಿನ್ ಕಂಪನಿಯಲ್ಲಿದ್ದ ಕ್ಲಾಡ್ ಹಿಲ್ ವಿನ್ಯಾಸದ ಹೊಣೆ ಹೊತ್ತನು. ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಅವರ ಮುಂದಿದ್ದ ಸಮಸ್ಯೆಯನ್ನು ವಿವರಿಸುತ್ತೇನೆ.

ಕಾರು ತಿರುಗುವಾಗ ಅದರ ನಾಲ್ಕೂ ಚಕ್ರಗಳು ನಾಲ್ಕು ಬೇರೆ ಬೇರೆ ದೂರಗಳನ್ನು ಕ್ರಮಿಸುತ್ತವೆ. ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ಉರುಳಬೇಕು. ಅದಕ್ಕಾಗಿಯೇ ಪ್ರತಿ ಚಾಲಿತ ಅಚ್ಚಿನಲ್ಲಿ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯಿದೆ. ಹಾಗೆಯೇ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಆದ್ದರಿಂದ ಎರಡೂ ಅಚ್ಚುಗಳಿಗೆ ಶಕ್ತಿ ಕೊಡುವಾಗ ಅವೆರಡರ ನಡುವೆ ಏನಿರಬೇಕು ಎಂಬುದೇ ಮುಖ್ಯ ಪ್ರಶ್ನೆ. ನಾಲ್ಕು ಚಕ್ರಗಳ ಚಾಲನೆಯ ಬಗೆಗಳೆಲ್ಲವೂ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಮೊದಲ ಉತ್ತರ ಯುದ್ಧಕಾಲದ ಜೀಪಿನದು. ನಡುವೆ ಏನೂ ಇಲ್ಲ. ಸನ್ನೆಕೋಲನ್ನು ಎಳೆದರೆ ಮುಂದಿನ ಹಿಂದಿನ ಅಚ್ಚುಗಳು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರಗಳು ತುಸು ಜಾರಿ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತವೆ. ಒಣಗಿದ ಡಾಂಬರು ರಸ್ತೆಯಲ್ಲಿ ಜಾರಲಾಗದೆ ಗೇರುಗಳು ಬಿಗಿದುಕೊಂಡು ಸವೆಯುತ್ತವೆ, ಕಾರು ತಿರುಗಲು ಮೊಂಡುಹಿಡಿಯುತ್ತದೆ. ಬೇಕಾದಾಗ ಮಾತ್ರ ತೊಡಗಿಸಬೇಕಾದ ಇದೇ ಪಾರ್ಟ್ ಟೈಮ್ ಬಗೆ. ಮಹೀಂದ್ರಾ ಥಾರ್, ಮಾರುತಿ ಜಿಪ್ಸಿ ಈ ವಂಶದವು.

ಎರಡನೆಯದು, ನಡುವೆ ಮೂರನೆಯ ಡಿಫರೆನ್ಷಿಯಲನ್ನು ಇಡುವುದು. ಆಗ ಎಲ್ಲ ರಸ್ತೆಗಳಲ್ಲೂ ಸದಾ ನಾಲ್ಕು ಚಕ್ರಗಳು ಚಲಿಸಬಹುದು. ಆದರೆ ಡಿಫರೆನ್ಷಿಯಲಿಗೆ ಒಂದು ದೌರ್ಬಲ್ಯವಿದೆ: ಮಂಜುಗಡ್ಡೆಯ ಮೇಲೆ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದರೆ ಉಳಿದ ಮೂರಕ್ಕೂ ಬಲ ಸಾಲದು. ಹಾಗಾಗಿ ಅಗತ್ಯ ಬಿದ್ದಾಗ ಅದನ್ನು ಬಿಗಿಯುವ ವ್ಯವಸ್ಥೆ ಬೇಕು. 1970ರ ರೇಂಜ್ ರೋವರಿನಲ್ಲಿ ಈ ಕೆಲಸ ಚಾಲಕನದು.

ಫರ್ಗ್ಯೂಸನ್ ಬಯಸಿದ್ದು ಮೂರನೆಯ ಉತ್ತರ. ಚಾಲಕ ಏನನ್ನೂ ಮಾಡಬೇಕಾಗಬಾರದು; ಅಪಾಯ ಅವನ ಅರಿವಿಗೆ ಬರುವ ಮೊದಲೇ ಯಂತ್ರ ತಾನಾಗಿ ಬಿಗಿದುಕೊಳ್ಳಬೇಕು. ಅವನ ತಂಡ ನಡುವಿನ ಡಿಫರೆನ್ಷಿಯಲಿನ ಜೊತೆಗೆ, ಒಂದೇ ದಿಕ್ಕಿನಲ್ಲಿ ಹಿಡಿಯುವ ಎರಡು ಕ್ಲಚ್‌ಗಳನ್ನು ಸೇರಿಸಿತು. ತಿರುವಿಗೆ ಬೇಕಾದಷ್ಟು ವ್ಯತ್ಯಾಸಕ್ಕೆ ಅವು ಅವಕಾಶ ಕೊಡುತ್ತವೆ. ಆ ಮಿತಿ ದಾಟಿ ಒಂದು ಅಚ್ಚು ಇನ್ನೊಂದಕ್ಕಿಂತ ವೇಗವಾಗಿ ಸುತ್ತಿದರೆ ಕೂಡಲೇ ಹಿಡಿದುಕೊಳ್ಳುತ್ತವೆ. ಈ ಹಿಡಿತ ವೇಗ ಹೆಚ್ಚಿಸುವಾಗ ಇದ್ದಂತೆ ಬ್ರೇಕು ಹಾಕುವಾಗಲೂ ಇರುತ್ತಿತ್ತು. ಒಂದು ಅಚ್ಚಿನ ಚಕ್ರಗಳು ಮಾತ್ರ ಮೊದಲು ಸ್ತಬ್ಧವಾಗಿ ಕಾರು ಅಡ್ಡ ತಿರುಗುವುದು ತಪ್ಪುತ್ತಿತ್ತು. ಇದರೊಡನೆ, ಡನ್‌ಲಪ್ ಕಂಪನಿ ವಿಮಾನಗಳಿಗಾಗಿ ರೂಪಿಸಿದ್ದ ಮ್ಯಾಕ್ಸರೆಟ್ ಎಂಬ ಬ್ರೇಕು ನಿಯಂತ್ರಕವನ್ನೂ ಅಳವಡಿಸಿದರು. ಚಕ್ರ ಸಿಕ್ಕಿಕೊಳ್ಳುವ ಹೊತ್ತಿಗೆ ಬ್ರೇಕನ್ನು ಕ್ಷಣಮಾತ್ರ ಸಡಿಲಿಸುವ ಈ ಸಾಧನ ಇಂದಿನ ಎಬಿಎಸ್ ವ್ಯವಸ್ಥೆಯ ಪೂರ್ವಜ. ಚಲಿಸುವುದು ಮತ್ತು ನಿಲ್ಲುವುದು ಫರ್ಗ್ಯೂಸನನ ದೃಷ್ಟಿಯಲ್ಲಿ ಒಂದೇ ಸಮಸ್ಯೆಯ ಎರಡು ಮುಖಗಳಾಗಿದ್ದವು. ಟ್ರ್ಯಾಕ್ಟರು ರೈತನನ್ನು ಕೊಲ್ಲಬಾರದೆಂದು ಹೊರಟವನು ಈಗ ಕಾರು ತನ್ನ ಒಡೆಯನನ್ನು ಕೊಲ್ಲಬಾರದೆಂದು ದುಡಿಯುತ್ತಿದ್ದನು.

ಮಾದರಿ ಕಾರುಗಳು ತಯಾರಾದವು. ಆದರೆ ಬ್ರಿಟನ್ನಿನ ಯಾವ ದೊಡ್ಡ ಕಾರು ಕಂಪನಿಯೂ ಅವನ್ನು ತಯಾರಿಸಲು ಮುಂದಾಗಲಿಲ್ಲ. ಖರ್ಚು ಹೆಚ್ಚು, ತೂಕ ಹೆಚ್ಚು, ಕೇಳುವವರಿಲ್ಲ ಎಂಬುದು ಅವರ ಲೆಕ್ಕಾಚಾರ. ಜನರಿಗೆ ತೋರಿಸದೆ ನಂಬಿಸಲಾಗದೆಂದು ಫಾರ್ಮುಲಾ ಒನ್ ಸ್ಪರ್ಧೆಗೆಂದು ಪಿ99 ಎಂಬ ಕಾರನ್ನು ಕಟ್ಟುವ ಕೆಲಸ ಆರಂಭವಾಯಿತು. ಅದು ಓಡುವುದನ್ನು ನೋಡಲು ಫರ್ಗ್ಯೂಸನ್ ಉಳಿಯಲಿಲ್ಲ. ಬಹುಕಾಲದಿಂದ ಖಿನ್ನತೆ ಮತ್ತು ನಿದ್ರಾಹೀನತೆಗಳಿಂದ ಬಳಲುತ್ತಿದ್ದ ಅವನು 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಸ್ಟೋ-ಆನ್-ದ-ವೋಲ್ಡ್ ಬಳಿಯ ತನ್ನ ಮನೆಯಲ್ಲಿ ತೀರಿಕೊಂಡನು. ನಿದ್ರೆಯ ಔಷಧಿ ಮಿತಿಮೀರಿತ್ತು. ಅದು ಆಕಸ್ಮಿಕವೇ ಅಲ್ಲವೇ ಎಂಬುದನ್ನು ವಿಚಾರಣೆ ನಿರ್ಧರಿಸಲಿಲ್ಲ.

ಹನ್ನೊಂದು ತಿಂಗಳ ನಂತರ, 1961ರ ಸೆಪ್ಟೆಂಬರ್ 23ರಂದು, ಔಲ್ಟನ್ ಪಾರ್ಕಿನ ಒದ್ದೆ ರಸ್ತೆಯಲ್ಲಿ ಸ್ಟರ್ಲಿಂಗ್ ಮಾಸ್ ಪಿ99 ಕಾರನ್ನು ಗೆಲುವಿನತ್ತ ನಡೆಸಿದನು. ಅದು ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ ಸ್ಪರ್ಧೆಯಲ್ಲ. ಆದರೂ ನಾಲ್ಕು ಚಕ್ರಗಳ ಚಾಲನೆಯ ಫಾರ್ಮುಲಾ ಒನ್ ಕಾರೊಂದು ಗೆದ್ದ ಏಕೈಕ ಸ್ಪರ್ಧೆ ಅದು. 1966ರಲ್ಲಿ ಜೆನ್ಸನ್ ಎಂಬ ಸಣ್ಣ ಕಂಪನಿ ಫರ್ಗ್ಯೂಸನ್ ವಿಧಾನದ ಎಫ್‌ಎಫ್ ಕಾರನ್ನು ಮಾರುಕಟ್ಟೆಗೆ ತಂದಿತು. ಬಲದ 37 ಪಾಲು ಮುಂದಕ್ಕೆ, 63 ಪಾಲು ಹಿಂದಕ್ಕೆ. ಜೊತೆಗೆ ಮ್ಯಾಕ್ಸರೆಟ್ ಬ್ರೇಕು. ರಸ್ತೆಯ ಕಾರಿನಲ್ಲಿ ಇವೆರಡೂ ಒಟ್ಟಿಗೆ ಬಂದದ್ದು ಅದೇ ಮೊದಲು. ಬೆಲೆ ದುಬಾರಿ, ಸ್ಟೀರಿಂಗನ್ನು ಎಡಕ್ಕೆ ಸರಿಸಲು ವಿನ್ಯಾಸದಲ್ಲಿ ಜಾಗವಿರಲಿಲ್ಲವಾದ್ದರಿಂದ ಅಮೆರಿಕದ ಮಾರುಕಟ್ಟೆಯೂ ದಕ್ಕಲಿಲ್ಲ. 1971ರವರೆಗೆ ಮಾರಾಟವಾದದ್ದು 320 ಕಾರುಗಳು ಮಾತ್ರ.

ಅದೇ ವರ್ಷ ಟೋನಿ ರೋಲ್ಟ್ ಎಫ್‌ಎಫ್ ಡೆವಲಪ್‌ಮೆಂಟ್ಸ್ ಸ್ಥಾಪಿಸಿ ಕೆಲಸವನ್ನು ಮುಂದುವರಿಸಿದನು. ಕ್ಲಚ್‌ಗಳ ಬದಲು ಸಿಲಿಕೋನ್ ದ್ರವದಲ್ಲಿ ಮುಳುಗಿದ ತಟ್ಟೆಗಳ ವಿಸ್ಕಸ್ ಜೋಡಣೆ ಬಂದಿತು. ವೇಗದ ವ್ಯತ್ಯಾಸ ಹೆಚ್ಚಿದಷ್ಟೂ ತಟ್ಟೆಗಳು ಪರಸ್ಪರ ಹೆಚ್ಚು ಬಲವಾಗಿ ಎಳೆಯುತ್ತವೆ. ಅಮೆರಿಕದ ಎಎಂಸಿ ಈಗಲ್, 1985ರ ಫೋರ್ಡ್ ಸಿಯೆರಾ ಎಕ್ಸ್‌ಆರ್4x4 ಇದನ್ನು ಬಳಸಿದವು. ಫರ್ಗ್ಯೂಸನ್ ಮೊಕದ್ದಮೆ ಹೂಡಿದ್ದ ಕಂಪನಿಯೇ ಅವನ ವಾರಸುದಾರರಿಂದ ತಂತ್ರವನ್ನು ಪಡೆದಂತಾಯಿತು. 1980ರ ಆಡಿ ಕ್ವಾಟ್ರೊ ಇದೇ ಪ್ರಶ್ನೆಗೆ ಬೀಗವಿರುವ ಡಿಫರೆನ್ಷಿಯಲಿನಿಂದಲೂ, ಮುಂದೆ ಟಾರ್ಸನ್ ಎಂಬ ಗೇರುಗಳಿಂದಲೂ ಉತ್ತರಿಸಿತು.

ಇಂದು ನಾವು ಕೊಳ್ಳುವ ಬಹುಪಾಲು ಸಣ್ಣ ಎಸ್‌ಯುವಿಗಳಲ್ಲಿ ಇರುವುದು ನಾಲ್ಕನೆಯ ಬಗೆ. ಸಾಮಾನ್ಯವಾಗಿ ಎರಡೇ ಚಕ್ರಗಳು ಎಳೆಯುತ್ತಿರುತ್ತವೆ; ಜಾರಿಕೆಯನ್ನು ಗ್ರಹಿಸಿದ ಕಂಪ್ಯೂಟರು ಒಂದು ಕ್ಲಚ್ ಮೂಲಕ ಉಳಿದೆರಡನ್ನು ಸೇರಿಸುತ್ತದೆ. ಇಂಧನ ಉಳಿಯುತ್ತದೆ, ನಗರದ ಹಿಮಕ್ಕೆ ಸಾಕು. ಆದರೆ ಆಳವಾದ ಕೆಸರಿನಲ್ಲಿ ದೀರ್ಘಕಾಲ ದುಡಿಸಿದರೆ ಆ ಕ್ಲಚ್ ಬಿಸಿಯೇರಿ ಕೈಬಿಡಬಹುದು. ವಿದ್ಯುತ್ ಕಾರುಗಳಲ್ಲಿ ಅಚ್ಚಿಗೊಂದರಂತೆ ಮೋಟಾರು ಇರುವಲ್ಲಿ ನಡುವಿನ ಪ್ರಶ್ನೆಗೆ ಉತ್ತರಿಸುವುದು ಗೇರುಗಳಲ್ಲ, ತಂತ್ರಾಂಶ.

ಫರ್ಗ್ಯೂಸನನ ಜೀವನದಿಂದ ನಾನು ಓದುಗರಿಗೆ ಎತ್ತಿ ಹೇಳಬಯಸುವುದು ಇಷ್ಟು. ಕಾರಿನ ಹಿಂಬದಿಯ ಫಲಕದಲ್ಲಿ ಬರೆದಿರುವ ಅಕ್ಷರಗಳನ್ನು ನಂಬದೆ, ಮುಂದಿನ ಹಿಂದಿನ ಅಚ್ಚುಗಳ ನಡುವೆ ಏನಿದೆ ಎಂದು ಕೇಳಬೇಕು. ಅದಕ್ಕಿಂತ ಮುಖ್ಯವಾಗಿ, ನಾಲ್ಕು ಚಕ್ರಗಳ ಚಾಲನೆ ಕಾರನ್ನು ಹೊರಡಿಸಬಲ್ಲದು, ಏರು ಹತ್ತಿಸಬಲ್ಲದು. ಮಂಜುಗಡ್ಡೆಯ ಮೇಲೆ ಬೇಗ ನಿಲ್ಲಿಸಲಾರದು. ಸುಲಭವಾಗಿ ಹೊರಟ ಕಾರು ರಸ್ತೆ ಜಾರುತ್ತಿಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ನಿಲ್ಲಿಸುವುದು ಬ್ರೇಕು ಮತ್ತು ಟೈರುಗಳ ಕೆಲಸ. ಚಾಲನೆಯ ಯಂತ್ರವನ್ನು ಬ್ರೇಕಿನಿಂದ ಬೇರ್ಪಡಿಸಿ ನೋಡಲು ಒಪ್ಪದ ಫರ್ಗ್ಯೂಸನ್ ಇದನ್ನು ಎಪ್ಪತ್ತು ವರ್ಷಗಳ ಹಿಂದೆಯೇ ತಿಳಿದಿದ್ದನು. ಹಣ ಸೀಮಿತವಾಗಿದ್ದರೆ ನಾಲ್ಕು ಚಕ್ರಗಳ ಚಾಲನೆಗಿಂತ ಮೊದಲು ನಾಲ್ಕು ಒಳ್ಳೆಯ ಚಳಿಗಾಲದ ಟೈರುಗಳನ್ನು ಕೊಳ್ಳಿರೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ.