ಜಾನ್ ಗಾಫನ ಚರಿತ್ರೆ

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯ ಸೀಮೆಯಲ್ಲಿ ಕುಡುಕನನ್ನು ಬೈಯುವವರೂ ಬುದ್ಧಿ ಹೇಳುವವರೂ ಬಹಳ ಮಂದಿ. ಅವನ ಮನಸ್ಸಿನಲ್ಲಿ ಏನಿದೆಯೆಂದು ಕೇಳುವವರು ವಿರಳ. 2007ರಲ್ಲಿ ಸಾರಾಯಿಯು ನಮ್ಮ ರಾಜ್ಯದಲ್ಲಿ ನಿಷೇಧಿಸಲ್ಪಟ್ಟರೂ ಕುಡಿತವು ನಿಂತುಹೋಗಲಿಲ್ಲವಷ್ಟೆ. ಆದಕಾರಣ ಜಾನ್ ಗಾಫನ ಚರಿತ್ರೆಯನ್ನು ಬರೆಯುತ್ತೇನೆ.

ಈತನು 1817ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದನು. ಹನ್ನೆರಡನೆಯ ವಯಸ್ಸಿನಲ್ಲಿ ಅಮೇರಿಕಕ್ಕೆ ಹೋಗಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತನು. ತಾಯಿಯು ಅವನ ಬಳಿಗೆ ಬಂದು ಸ್ವಲ್ಪ ಕಾಲದಲ್ಲಿಯೇ ತೀರಿಹೋದಳು. ತರುವಾಯ ನಾಟಕಶಾಲೆ, ದುಸ್ಸಹವಾಸ, ಕುಡಿತ. ಹೆಂಡತಿಯೂ ಕೂಸೂ ಸತ್ತರು. ಕೈನಡುಕದಿಂದ ಕಸಬೂ ಕೆಟ್ಟಿತು.

1842ರ ಅಕ್ಟೋಬರಿನ ಒಂದು ಆದಿತ್ಯವಾರ ಸಾಯಂಕಾಲ ಅವನು ವುಸ್ಟರ್ ಪಟ್ಟಣದ ಬೀದಿಯಲ್ಲಿ ಅಲೆಯುತ್ತಿರಲು ಒಬ್ಬನು ಬಂದು ಅವನ ಹೆಗಲನ್ನು ಮುಟ್ಟಿದನು. ಜೋಯಲ್ ಸ್ಟ್ರಾಟನ್ ಎಂಬ ಇವನು ಹೋಟೆಲಿನಲ್ಲಿ ಉಣಬಡಿಸುವವನು, ಪಂಡಿತನೇನೂ ಅಲ್ಲ. ಅವನು ಗದರಿಸಲಿಲ್ಲ, ಹೆದರಿಸಲೂ ಇಲ್ಲ. ಮುಂಚಿನಂತೆ ಮರ್ಯಾದೆಯಿಂದ ಬದುಕಲು ಮನಸ್ಸಿಲ್ಲವೋ ಎಂದು ಮೃದುವಾಗಿ ವಿಚಾರಿಸಿದನು. ಮನಸ್ಸುಂಟು, ನಿರೀಕ್ಷೆಯಿಲ್ಲವೆಂದು ಗಾಫನು ತಿಳಿಸಿದನು. ಸ್ಟ್ರಾಟನನು ಆ ಮನಸ್ಸನ್ನೇ ಹಿಡಿದುಕೊಂಡು, ಅವನಿಂದ ಆದೀತೆಂದು ಧೈರ್ಯ ಕೊಟ್ಟು, ಮರುದಿನದ ಕೂಟಕ್ಕೆ ಕರೆದನು. ಗಾಫನು ತಾನಾಗಿಯೇ ಹೋಗಿ, ನಡುಗುವ ಕೈಯಿಂದ ಮದ್ಯವರ್ಜನದ ಪ್ರತಿಜ್ಞೆಗೆ ರುಜು ಹಾಕಿದನು. ಕುಡಿಯುವವನೊಂದಿಗೆ ವಾದಿಸದೆ, ಬಿಡಬೇಕೆಂಬುದಕ್ಕೆ ಅವನದೇ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸುವ ಆಪ್ತಸಲಹೆಯ ಕ್ರಮವನ್ನು ವಿದ್ವಾಂಸರು 1983ರಲ್ಲಿ ವಿವರಿಸಿ ಬರೆದರು. ಉಣಬಡಿಸುವವನಿಗೆ ಅದು ಸಹಜವಾಗಿಯೇ ತಿಳಿದಿತ್ತೆಂದು ನನಗೆ ತೋರುತ್ತದೆ.

ಮುಂದಿನ ದಿನಗಳಲ್ಲಿ ಗಾಫನು ಭಯಂಕರವಾದ ಸಂಕಟವನ್ನು ಅನುಭವಿಸಿದನು. (ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯವೂ ಉಂಟು; ಅಂಥವನನ್ನು ತಪ್ಪದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.) ಸುಮಾರು ಐದು ತಿಂಗಳಾದ ಮೇಲೆ ಬಾಸ್ಟನಿನಲ್ಲಿ ಹಳೆಯ ಸಂಗಡಿಗರ ನಡುವೆ ಮತ್ತೆ ಕುಡಿದನು. ನಾಚಿಕೆಯಿಂದ ಊರನ್ನೇ ಬಿಟ್ಟುಹೋಗಬೇಕೆಂದಿದ್ದವನು ಕೂಟದವರ ಮುಂದೆ ಎಲ್ಲವನ್ನೂ ಅರಿಕೆಮಾಡಿದನು. ಅವರು ಅವನನ್ನು ಹೊರಗೆ ಹಾಕದೆ ಕ್ಷಮಿಸಿ ತಮ್ಮ ಬಳಿಯಲ್ಲೇ ಇರಿಸಿಕೊಂಡರು. ಆ ದಿವಸ ಅವರು ಬಾಗಿಲು ಮುಚ್ಚಿದ್ದರೆ ಈ ಚರಿತ್ರೆಯು ಅಲ್ಲಿಗೇ ಮುಗಿಯುತ್ತಿತ್ತು. 1845ರಲ್ಲಿಯೂ ಅವನು ಇನ್ನೊಮ್ಮೆ ಬಿದ್ದನು, ಇನ್ನೊಮ್ಮೆ ಎದ್ದನು.

ಅಂದಿನಿಂದ ಅಮೇರಿಕ, ಇಂಗ್ಲೆಂಡುಗಳಲ್ಲಿ ಸಂಚರಿಸಿ ಒಂಬತ್ತು ಸಾವಿರಕ್ಕಿಂತ ಹೆಚ್ಚು ಉಪನ್ಯಾಸಗಳನ್ನು ಮಾಡಿದನು. ಹೋದಲ್ಲೆಲ್ಲಾ ಸ್ಟ್ರಾಟನನ ಹೆಸರನ್ನು ಸ್ಮರಿಸುತ್ತಿದ್ದನು. 1886ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದಲ್ಲಿ ಮಾತನಾಡುತ್ತಿರುವಾಗಲೇ ಪಾರ್ಶ್ವವಾಯು ಬಡಿದು ವೇದಿಕೆಯ ಮೇಲೆ ಕುಸಿದುಬಿದ್ದನು. ಕೆಲವು ದಿನಗಳಲ್ಲಿಯೇ ತೀರಿಹೋದನು.