ನಮಗಿಂತ ಮೊದಲು ಬಂದವಳು: ಡಾ. ಆನಂದಿಬಾಯಿ ಜೋಶಿ

ಈ ಸಲದ ಸಂಚಿಕೆಗೆ ಒಂದು ಜೀವನಚಿತ್ರ ಬೇಕು ಅಂತ ನಾವು ಕೂತಾಗ ಹೊರಗೆ ಹಿಮ ಬೀಳ್ತಾ ಇತ್ತು. ಅರ್ಧ ಜನಕ್ಕೆ ಮರುದಿನವೇ ಪರೀಕ್ಷೆ. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ನಾವೆಲ್ಲ ಒಪ್ಪಿಕೊಂಡ ಒಂದು ಸಂಗತಿಗೆ ಬಂತು. ಊರಿಂದ ಫೋನ್ ಬಂದರೆ ಊಟ ಆಯ್ತು, ಓದು ಚೆನ್ನಾಗಿ ನಡೀತಿದೆ ಅಂತ ಹೇಳಿ ಇಟ್ಟುಬಿಡ್ತೀವಿ. ಆಮೇಲೆ ರೂಮಿನ ಗೋಡೆ ನೋಡ್ತಾ ಕೂರ್ತೀವಿ. ಆಗ ನಮ್ಮಲ್ಲೊಬ್ಬರು ಮೊಬೈಲ್ ತೆಗೆದು ಒಂದು ಹಳೇ ಫೋಟೋ ತೋರಿಸಿದರು. ನೀವೂ ನೋಡಿರುತ್ತೀರಿ. ಮೂವರು ಹುಡುಗಿಯರು, ಒಬ್ಬೊಬ್ಬರೂ ಅವರವರ ದೇಶದ ಉಡುಪಿನಲ್ಲಿ. 1885ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ತೆಗೆದದ್ದು. ಜಪಾನಿನ ಕೇ ಒಕಾಮಿ, ಡಮಾಸ್ಕಸ್‌ನ ಸಬತ್ ಇಸ್ಲಾಂಬೂಲಿ, ಮತ್ತು ಸೀರೆ ಉಟ್ಟ ನಮ್ಮ ಆನಂದಿಬಾಯಿ ಜೋಶಿ.

ಆನಂದಿ ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬೈ ಹತ್ತಿರದ ಕಲ್ಯಾಣದ ಮನೆತನದಲ್ಲಿ. ತವರಿನ ಹೆಸರು ಯಮುನಾ. ಒಂಬತ್ತನೇ ವಯಸ್ಸಿಗೆ ಮದುವೆ. ಗಂಡ ಗೋಪಾಲರಾವ್ ಅಂಚೆ ಇಲಾಖೆಯ ಗುಮಾಸ್ತ, ಹೆಂಡತಿ ತೀರಿಕೊಂಡವನು, ಇವಳಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು. ಆನಂದಿ ಅನ್ನೋ ಹೆಸರಿಟ್ಟದ್ದೂ ಅವನೇ. ಆ ಕಾಲದಲ್ಲಿ ಹೆಂಡತಿ ಓದಿದರೆ ಸಿಟ್ಟಾಗೋ ಗಂಡಂದಿರೇ ಹೆಚ್ಚು. ಇವನದು ಉಲ್ಟಾ, ಓದು ಬಿಟ್ಟು ಅಡುಗೆಮನೆಯಲ್ಲಿ ಸಿಕ್ಕರೆ ಹೊಡೆತ. ತನ್ನನ್ನು ಹೀಗೆ ಹೊಡೆದು ಓದಿಸಿದ್ದನ್ನು ಆನಂದಿ ಮುಂದೆ ಅಮೆರಿಕದಿಂದ ಅವನಿಗೇ ಪತ್ರ ಬರೆದು ನೆನಪಿಸಿದಳು. ಅವನಿಂದಲೇ ತಾನು ಓದಿದವಳಾದೆ ಅನ್ನೋ ಕೃತಜ್ಞತೆಯೂ ಅವಳಿಗಿತ್ತು. ಗೋಪಾಲರಾವ್‌ನನ್ನು ಮಹಾಪುರುಷ ಅಂತ ಬರೆಯೋಕೆ ನಮಗೆ ಮನಸ್ಸಿಲ್ಲ. ಅವನಿಲ್ಲದಿದ್ದರೆ ಅವಳು ಹಡಗು ಹತ್ತುತ್ತಿರಲಿಲ್ಲ ಅನ್ನೋದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಮುಂದಕ್ಕೆ ಓದಬೇಕು.

ಹದಿನಾಲ್ಕಕ್ಕೆ ಒಂದು ಗಂಡು ಮಗು ಹುಟ್ಟಿತು, ಹತ್ತು ದಿನಕ್ಕೆ ಹೋಯಿತು. ತಕ್ಕ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುತ್ತಿತ್ತು ಅನ್ನೋದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಗಂಡಸು ಡಾಕ್ಟರ ಮುಂದೆ ಹೆಂಗಸರು ಬಾಯಿಬಿಟ್ಟು ಕಾಯಿಲೆ ಹೇಳಿಕೊಳ್ಳದ ಕಾಲ. ಹೆಣ್ಣು ಡಾಕ್ಟರು ಬೇಕು, ಅದು ನಾನೇ ಆಗಬೇಕು ಅಂತ ಅವಳು ಗಟ್ಟಿ ಮಾಡಿಕೊಂಡಳು.

ಗೋಪಾಲರಾವ್ ಅಮೆರಿಕದ ಪಾದ್ರಿ ವೈಲ್ಡರ್ ಅವರಿಗೆ ಸಹಾಯ ಕೇಳಿ ಬರೆದ. ಧರ್ಮ ಬದಲಿಸಿದರೆ ನೋಡೋಣ ಅನ್ನೋ ಅರ್ಥದ ಉತ್ತರ ಬಂತು. ಗಂಡ ಹೆಂಡತಿ ಇಬ್ಬರೂ ಒಪ್ಪಲಿಲ್ಲ. ಆದರೆ ಆ ಪತ್ರವ್ಯವಹಾರ ವೈಲ್ಡರ್ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೋಸೆಲ್ ಅನ್ನೋ ಊರಿನ ಥಿಯೋಡಿಸಿಯಾ ಕಾರ್ಪೆಂಟರ್, 1880ರಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯ್ತಾ ಕೂತಾಗ ಅದನ್ನು ಓದಿದರು. ಓದಿ ಸುಮ್ಮನಾಗಲಿಲ್ಲ, ಮುಖ ನೋಡದ ಹುಡುಗಿಗೆ ಪತ್ರ ಬರೆದರು. ಮೂರು ವರ್ಷ ಪತ್ರಗಳು ಹೋಗಿ ಬಂದವು. ಆನಂದಿ ಅವರನ್ನು ಮಾವಶಿ ಅಂತ ಕರೆಯತೊಡಗಿದಳು. ನಮ್ಮ ಬೆಳಗಾವಿ ಕಡೆಯ ಗೆಳೆಯರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ತಲೆನೋವು, ಜ್ವರ, ಉಬ್ಬಸ ಅಂತ ಹುಡುಗಿ ಬರೆದರೆ ಮಾವಶಿ ಅಮೆರಿಕದಿಂದ ಔಷಧಿ ಕಳಿಸುತ್ತಿದ್ದರು. ಅಂದರೆ ಇಲ್ಲಿಗೆ ಬರೋ ಮೊದಲೇ ಅವಳ ಆರೋಗ್ಯ ಅಷ್ಟಕ್ಕಷ್ಟೇ ಇತ್ತು.

ಗೋಪಾಲರಾವ್‌ಗೆ ಆಗ ಬಂಗಾಳದ ಶ್ರೀರಾಮಪುರಕ್ಕೆ ವರ್ಗವಾಗಿತ್ತು. ಬ್ರಾಹ್ಮಣರ ಹೆಂಗಸು, ಅದೂ ಒಬ್ಬಳೇ ಸಮುದ್ರ ದಾಟೋದೇ ಅಂತ ಊರೆಲ್ಲ ಗುಲ್ಲು. 1883ರ ಫೆಬ್ರವರಿಯಲ್ಲಿ ಅವಳು ಅಲ್ಲಿನ ಕಾಲೇಜಿನ ಸಭಾಂಗಣದಲ್ಲಿ ನಿಂತು, ತುಂಬಿದ ಸಭೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಯಾಕೆ ಹೋಗುತ್ತೇನೆ, ಯಾಕೆ ಒಬ್ಬಳೇ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಬರುತ್ತೇನೆ, ಎಲ್ಲ ಹೇಳಿದಳು. ವಯಸ್ಸು ಇನ್ನೂ ಹದಿನೆಂಟು ತುಂಬಿರಲಿಲ್ಲ. ನಮ್ಮಲ್ಲಿ ಕೆಲವರಿಗೆ ಕ್ಲಾಸಿನಲ್ಲಿ ಕೈಯೆತ್ತಿ ಒಂದು ಪ್ರಶ್ನೆ ಕೇಳೋಕೆ ಇಡೀ ಸೆಮಿಸ್ಟರ್ ಬೇಕಾಯಿತು!

ಏಪ್ರಿಲ್‌ನಲ್ಲಿ ಕಲ್ಕತ್ತದಿಂದ ಹೊರಟು ಜೂನ್ ಮೊದಲ ವಾರ ನ್ಯೂಯಾರ್ಕ್ ತಲುಪಿದಳು. ಬಂದರಿನಲ್ಲಿ ಮಾವಶಿ ಕಾದಿದ್ದರು. ಬೇಸಿಗೆ ಪೂರ್ತಿ ರೋಸೆಲ್ ಮನೆಯಲ್ಲೇ. ಅವಳ ಬದುಕಿನ ನಿಶ್ಚಿಂತೆಯ ಕಾಲ ಇದೇ ಇರಬೇಕು ಅನ್ನಿಸುತ್ತೆ. ಬೈಯೋರಿಲ್ಲ, ಬೀದಿಯಲ್ಲಿ ಹಂಗಿಸೋರಿಲ್ಲ, ಮಕ್ಕಳಿರುವ ಮನೆ.

ಅಕ್ಟೋಬರ್‌ನಲ್ಲಿ ಕಾಲೇಜು. ಡೀನ್ ರೇಚಲ್ ಬಾಡ್ಲಿ ಅವಳಿಗೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಡಿಸಿದರು. ನಾವು ಬರೆಯಲೇಬೇಕು ಅಂದುಕೊಂಡದ್ದು ಇಲ್ಲಿಂದ ಮುಂದಿನದು, ಯಾಕಂದ್ರೆ ಹೆಚ್ಚಿನ ಲೇಖನಗಳು ಈ ಮೂರು ವರ್ಷವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ಅವಳ ಬಾಡಿಗೆ ಕೋಣೆಯ ಅಗ್ಗಿಷ್ಟಿಕೆ ಸರಿಯಿರಲಿಲ್ಲವಂತೆ, ಹೊತ್ತಿಸಿದರೆ ಹೊಗೆ, ಆರಿಸಿದರೆ ಚಳಿ. ಒಂಬತ್ತು ಗಜದ ಸೀರೆಯಲ್ಲಿ ಕಾಲು ಮುಚ್ಚುತ್ತಿರಲಿಲ್ಲ. ಹಾಗಂತ ಗೌನು ಹಾಕಲೂ ಮನಸ್ಸಿಲ್ಲ, ಗುಜರಾತಿ ಹೆಂಗಸರ ಥರ ಸೀರೆ ಉಡಲು ಶುರು ಮಾಡಿದಳು. ಮಾಂಸ ತಿನ್ನೋದಿಲ್ಲ. ಫಿಲಡೆಲ್ಫಿಯಾದಲ್ಲಿ 1883ರಲ್ಲಿ ತೊಗರಿಬೇಳೆ ಎಲ್ಲಿ ಸಿಗಬೇಕು? ತಾನೇ ಬೇಯಿಸಿಕೊಳ್ಳಬೇಕು, ಓದಬೇಕು, ಹೆಣ ಕೊಯ್ಯುವ ತರಗತಿಗೂ ಹೋಗಬೇಕು. ಊಟ ಅರೆಹೊಟ್ಟೆ, ದೇಹ ದಿನೇ ದಿನೇ ಸೊರಗಿತು.

ಅದರ ಮೇಲೆ ಊರಿನ ಪತ್ರಗಳು. ಓದಿಗೆ ಕಳಿಸಿದ ಗಂಡನೇ ಅನುಮಾನದಿಂದ, ಚುಚ್ಚಿ ಬರೆಯತೊಡಗಿದ. ಅಲ್ಲಿ ಬದಲಾಗಿಬಿಟ್ಟಿದ್ದೀಯ ಅನ್ನೋ ಮಾತು ಎಷ್ಟು ಜನ ಕೇಳಿಲ್ಲ ನಮ್ಮಲ್ಲಿ? ಉತ್ತರ ಬರೆದರೆ ಅವನಿಗೆ ಮುಟ್ಟಲು ವಾರಗಟ್ಟಲೆ ಬೇಕು. 1885ರಲ್ಲಿ ಅವನೇ ಅಮೆರಿಕಕ್ಕೆ ಬಂದ, ಊರೂರಲ್ಲಿ ಭಾಷಣ ಮಾಡ್ತಾ ಅಮೆರಿಕನ್ನರನ್ನೂ ಅವರ ಧರ್ಮವನ್ನೂ ಟೀಕಿಸಿದ. ಅದರ ಮುಜುಗರ ಬಿದ್ದದ್ದು ಇವಳ ತಲೆಗೆ.

ಹಾಗಿದ್ದರೆ ಹೇಗೆ ತಡೆದುಕೊಂಡಳು? ನಮಗೆ ಕಾಣೋದು ಇಷ್ಟು. ಮಾವಶಿಗೆ ಪತ್ರ ಬರೆಯೋದನ್ನು ಬಿಡಲಿಲ್ಲ, ರಜೆಯಲ್ಲಿ ರೋಸೆಲ್‌ಗೆ ಹೋಗೋದನ್ನೂ ಬಿಡಲಿಲ್ಲ. ಡೀನ್ ಬಾಡ್ಲಿ ಬೆನ್ನಿಗಿದ್ದರು. ಕಾಲೇಜಿನಲ್ಲಿ ಟೋಕಿಯೋ, ಡಮಾಸ್ಕಸ್‌ಗಳಿಂದ ಬಂದ ಇಬ್ಬರಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೆ ಮನೆಯಿಂದ ದೂರ ಇರೋದು ಅಂದರೇನು ಅಂತ ಮೂವರಿಗೂ ಗೊತ್ತು. ಗಟ್ಟಿಗಿತ್ತಿ ಅಂತ ಅವಳೊಬ್ಬಳನ್ನೇ ಹೊಗಳುವವರು ಈ ಹೆಸರುಗಳನ್ನು ಮರೆಯುತ್ತಾರೆ. ಇನ್ನೊಂದು ಮಾತೂ ಹೇಳಬೇಕು. ಅವಳು ತಡೆದುಕೊಂಡದ್ದರಲ್ಲಿ ಅರ್ಧದಷ್ಟು, ತಡೆದುಕೊಳ್ಳಬಾರದಿತ್ತು. ಆ ಹೊಗೆಯ ಕೋಣೆಯನ್ನು ಮೊದಲ ವಾರವೇ ಬಿಡಬೇಕಿತ್ತು ಅಂತ ನಮ್ಮಲ್ಲಿ ವೈದ್ಯಕೀಯ ಓದುವವರು ಖಡಾಖಂಡಿತವಾಗಿ ಹೇಳಿದರು.

1886ರ ಮಾರ್ಚ್ 11ರಂದು ಪದವಿ. ಪ್ರಬಂಧದ ವಿಷಯ ಹಿಂದೂಗಳ ಹೆರಿಗೆ ಶಾಸ್ತ್ರ. ಹತ್ತು ದಿನದ ಮಗುವನ್ನು ಕಳೆದುಕೊಂಡವಳು ಬೇರೆ ಯಾವುದರ ಬಗ್ಗೆ ಬರೆದಾಳು? ಸಮಾರಂಭಕ್ಕೆ ಪಂಡಿತಾ ರಮಾಬಾಯಿ ಬಂದಿದ್ದರು. ವಿಕ್ಟೋರಿಯಾ ರಾಣಿಯಿಂದಲೂ ಅಭಿನಂದನೆ ಬಂತು. ಅದೇ ವರ್ಷ ಕಲ್ಕತ್ತದಲ್ಲಿ ಕಾದಂಬಿನಿ ಗಂಗೂಲಿಯೂ ವೈದ್ಯೆಯಾದರು. ಯಾರು ಮೊದಲು ಅನ್ನೋ ಜಗಳ ಇಂಟರ್‌ನೆಟ್‌ನಲ್ಲಿ ಇನ್ನೂ ನಡೀತಿದೆ, ನಮಗೆ ಅದರಲ್ಲಿ ಆಸಕ್ತಿಯಿಲ್ಲ.

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡು ಅವಳಿಗಾಗಿ ಕಾಯ್ತಾ ಇತ್ತು. ಆ ವರ್ಷದ ಕೊನೆಗೆ ಊರಿಗೆ ಮುಟ್ಟುವಾಗ ಕ್ಷಯ ಉಲ್ಬಣಿಸಿತ್ತು. ಕೆಲಸಕ್ಕೆ ಸೇರಲೇ ಇಲ್ಲ. ಮೊದಲು ಹಳಿದ ಜನವೇ ಈಗ ಹೊಗಳುತ್ತಿದ್ದರು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಲು ಒಂದು ತಿಂಗಳು ಬಾಕಿಯಿತ್ತು.

ಗೋಪಾಲರಾವ್ ಅವಳ ಬೂದಿಯನ್ನು ಮಾವಶಿಗೆ ಕಳಿಸಿದ. ಅವರು ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯ ಸ್ಮಶಾನದಲ್ಲಿ, ತಮ್ಮ ಮನೆತನದ ಜಾಗದಲ್ಲಿ ಇಟ್ಟು ಕಲ್ಲು ನೆಡಿಸಿದರು. ಕಳೆದ ಶರತ್ಕಾಲದಲ್ಲಿ ನಾವು ನಾಲ್ವರು ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದೆವು. ಹುಡುಕೋಕೆ ಬಹಳ ಹೊತ್ತು ಹಿಡೀತು. ಓದಲಿಕ್ಕಾಗಿ ಭಾರತ ಬಿಟ್ಟ ಮೊದಲ ಬ್ರಾಹ್ಮಣ ಹೆಣ್ಣು ಅಂತ ಕಲ್ಲಿನ ಮೇಲೆ ಬರೆದಿದೆ. ಅದರಲ್ಲಿ ಜಾತಿಯ ಮಾತು ಯಾಕೆ ಬೇಕಿತ್ತು ಅಂತ ವಾಪಸ್ ಬರೋ ದಾರಿಯುದ್ದಕ್ಕೂ ನಮ್ಮಲ್ಲೇ ವಾದ ನಡೆಯಿತು, ಇನ್ನೂ ಮುಗಿದಿಲ್ಲ. ಕಲ್ಲಿನ ಹತ್ತಿರ ನಿಂತಾಗ ಮಾತ್ರ ಯಾರೂ ಮಾತಾಡಲಿಲ್ಲ. ಸುತ್ತ ಇರೋದೆಲ್ಲ ಮಾವಶಿಯ ಮನೆಯವರ ಕಲ್ಲುಗಳೇ, ನಡುವೆ ಇವಳದು.