ಹಡಗಿಗಿಂತ ಮೊದಲು ದೋಣಿ: ಪ್ರೇಮಚಂದ್ ರಾಯ್‌ಚಂದ್ ಮತ್ತು ಐದು ನಿಮಿಷದ ಕ್ಯಾಂಡಲ್

ಕಿಗ್ಗ ಋಷ್ಯಶೃಂಗನ ಊರು. ಮಳೆ ಬೇಕು ಅನ್ನುವವರೂ, ಮಳೆ ಸಾಕಪ್ಪಾ ಅನ್ನುವವರೂ ಪೂಜೆ ಮಾಡಿಸೋಕೆ ಇಲ್ಲಿಗೇ ಬರ್ತಾರೆ. ಅಂಥ ಊರಿನ ಜಗಲಿಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ನನ್ನ ಸೋದರಮಾವನ ಮಗ ಮೊಬೈಲ್ ಹಿಡಿದು ಕೂತಿದ್ದ. ವಾಟ್ಸಾಪಿನಲ್ಲಿ ಆವತ್ತಿನ ರಾಶಿ ಅಡಿಕೆ ದರ, ಇನ್ನೊಂದು ಆ್ಯಪಿನಲ್ಲಿ ಬಿಟ್‌ಕಾಯಿನ್ ಚಾರ್ಟು. ಹಸಿರು ಕ್ಯಾಂಡಲ್, ಕೆಂಪು ಕ್ಯಾಂಡಲ್, ಐದೈದು ನಿಮಿಷಕ್ಕೊಂದು.

ಅವನ ತೋಟಕ್ಕೆ ಹಳದಿ ಎಲೆ ರೋಗ ಬಂದು ಕೆಲವು ವರ್ಷಗಳಾಗಿವೆ. ಮರ ನಿಂತಿದೆ, ಫಸಲು ನಿಂತಿಲ್ಲ. ಹಿಂದಿನ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟನ್ನು ಕ್ರಿಪ್ಟೊಗೆ ಹಾಕಿದ್ದ. ಈಗ ಸೊಸೈಟಿಯಲ್ಲಿ ಸಾಲ ಎತ್ತಿ ಫ್ಯೂಚರ್ಸ್ ಮಾಡಿದರೆ ಹೇಗೆ ಅಂತ ಅವನ ಯೋಚನೆ. ಭಾವ ಇಂಜಿನಿಯರಿಂಗ್ ಓದಿದವನು, ಚಾರ್ಟು ಓದೋಕೆ ಬರುತ್ತೆ ಅಂತ ನನ್ನನ್ನು ಕೇಳಿದ. ನನಗೆ ಚಾರ್ಟು ಓದೋಕೆ ಬರೋದಿಲ್ಲ. ಆದರೆ ಬೆಲೆ ಓದುವುದರಲ್ಲಿ ಇಡೀ ಮುಂಬಯಿಯನ್ನು ಮೀರಿಸಿದ್ದ, ಕೊನೆಗೆ ಅದರಲ್ಲೇ ಮುಳುಗಿದ ಒಬ್ಬ ಮನುಷ್ಯನ ಕಥೆ ಗೊತ್ತಿತ್ತು. ಅದನ್ನೇ ಹೇಳಿದೆ.

ಪ್ರೇಮಚಂದ್ ರಾಯ್‌ಚಂದ್ ಹುಟ್ಟಿದ್ದು 1831ರಲ್ಲಿ, ಸೂರತ್‌ನ ಜೈನ ವ್ಯಾಪಾರಿ ಕುಟುಂಬದಲ್ಲಿ. ಚಿಕ್ಕವನಿದ್ದಾಗಲೇ ಮನೆಯವರು ಮುಂಬಯಿಗೆ ಬಂದರು. ಅಲ್ಲಿ ಹುಡುಗ ಇಂಗ್ಲಿಷ್ ಕಲಿತ. ಆಗಿನ ದೇಶೀ ದಲ್ಲಾಳಿಗಳಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲ ಮೊದಲಿಗ ಅಂತ ಅವನಿಗೆ ಹೆಸರಿತ್ತು. ಇಪ್ಪತ್ತರ ಆಸುಪಾಸಿನಲ್ಲೇ ದಲ್ಲಾಳಿ ಕೆಲಸಕ್ಕೆ ಇಳಿದ. ಆಗ ಷೇರು ಮಾರುಕಟ್ಟೆಗೆ ಕಟ್ಟಡ ಇರಲಿಲ್ಲ. ಟೌನ್‌ಹಾಲ್ ಹತ್ತಿರದ ಮರದ ನೆರಳಲ್ಲಿ ಬೆರಳೆಣಿಕೆಯ ದಲ್ಲಾಳಿಗಳು ಸೇರುತ್ತಿದ್ದರು, ಅಷ್ಟೇ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಬರುತ್ತಿದ್ದುದು ಅಮೆರಿಕದ ದಕ್ಷಿಣದಿಂದ. ಆ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲಿವರ್‌ಪೂಲ್ ಮಾರುಕಟ್ಟೆ ಭಾರತದ ಕಡೆ ತಿರುಗಿತು.

ಇಲ್ಲಿ ನಮ್ಮ ಕರ್ನಾಟಕವೂ ಕಥೆಯೊಳಗೆ ಬರುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗದ ಎರೆ ಹೊಲಗಳಲ್ಲಿ 1840ರ ದಶಕದಿಂದಲೇ ಸರ್ಕಾರ ಅಮೆರಿಕದ ತಳಿಯ ಹತ್ತಿ ಬೆಳೆಸಲು ಶುರುಮಾಡಿತ್ತು. ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ನಾಟಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹಾಗಾಗಿ ಅದು ವ್ಯಾಪಾರದಲ್ಲಿ ಕುಮಟಾ ಹತ್ತಿಯಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ, ಕಾರವಾರದ ಬಂದರು ಎರಡೂ ಇದ್ದವು. ಬೆಲೆ ಎಷ್ಟು ಏರಿತೆಂದರೆ ಹತ್ತಿಗೆ ಕಸ, ಬೀಜ ಬೆರೆಸಿ ತೂಕ ಹೆಚ್ಚಿಸುವ ದಂಧೆ ಬೆಳೆಯಿತು. 1863ರಲ್ಲಿ ಮುಂಬಯಿ ಸರ್ಕಾರ ಅದನ್ನು ತಡೆಯೋಕೆ ಕಾನೂನನ್ನೇ ತರಬೇಕಾಯಿತು.

ಹತ್ತಿ ಹೊಲದಲ್ಲಿ ಬೆಳೆದರೂ ದರ ಹುಟ್ಟುತ್ತಿದ್ದುದು ಲಿವರ್‌ಪೂಲ್‌ನಲ್ಲಿ. ಆ ದರ ಮುಂಬಯಿಗೆ ತಲುಪೋಕೆ ಕೆಲವು ವಾರ ಬೇಕಿತ್ತು. ಅಂಚೆ ಹಡಗು ಬಂದು, ಚೀಲ ಇಳಿದು, ಕಾಗದ ಹಂಚಿಕೆಯಾಗುವ ತನಕ ಪೇಟೆ ಕಾಯಬೇಕು. ಹಡಗು ಬಂದ ದಿನ ಬೆಲೆ ಧಡಕ್ಕನೆ ಏರೋದು, ಇಲ್ಲಾ ಇಳಿಯೋದು. ಮರದ ಕೆಳಗಿನ ದಲ್ಲಾಳಿಗಳು ಆ ಏರಿಳಿತ ನೋಡಿ ನೂರು ಅರ್ಥ ಕಟ್ಟುತ್ತಿದ್ದರು.

ಪ್ರೇಮಚಂದ್ ಅರ್ಥ ಕಟ್ಟೋಕೆ ಹೋಗಲಿಲ್ಲ. ಹಡಗು ದಡ ಮುಟ್ಟುವ ಮೊದಲೇ ತನ್ನ ದೋಣಿಗಳನ್ನು ಸಮುದ್ರಕ್ಕೆ ಕಳಿಸಿ ಲಿವರ್‌ಪೂಲ್ ದರ ತರಿಸಿಕೊಳ್ಳುತ್ತಿದ್ದ ಅಂತ ಹೇಳ್ತಾರೆ. ಮಿಕ್ಕವರಿಗೆ ಸುದ್ದಿ ಸಿಗುವ ಹೊತ್ತಿಗೆ ಅವನ ಖರೀದಿ ಮುಗಿದಿರುತ್ತಿತ್ತು. ಪೇಟೆಯಲ್ಲಿ ಬೆಲೆ ಜಿಗಿದದ್ದು ಕಂಡು ಏನೋ ಇದೆ ಅಂತ ಊಹಿಸಿ ಕೊಂಡವರು, ಅವನು ಆಗಲೇ ಕೊಂಡಿದ್ದನ್ನೇ ಅವನಿಂದ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಅವರ ಪಾಲಿಗೆ ಅದು ಸೂಚನೆ, ಅವನ ಪಾಲಿಗೆ ಮುಗಿದುಹೋದ ವ್ಯಾಪಾರ.

ಇಲ್ಲಿ ಒಂದು ಕ್ಷಣ ಮೊಬೈಲ್ ಕಡೆ ತಿರುಗೋಣ. 2024ರ ಜನವರಿ 9ರಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯ ಎಕ್ಸ್ ಖಾತೆಯನ್ನು ಯಾರೋ ಹ್ಯಾಕ್ ಮಾಡಿ, ಬಿಟ್‌ಕಾಯಿನ್ ಇಟಿಎಫ್‌ಗೆ ಒಪ್ಪಿಗೆ ಸಿಕ್ಕಿತು ಅಂತ ಬರೆದರು. ಬೆಲೆ ನಿಮಿಷಗಳಲ್ಲಿ ಏರಿತು. ಸುದ್ದಿ ಸುಳ್ಳು ಅಂತ ಗೊತ್ತಾದ ಕೂಡಲೇ ಏರಿದ್ದಕ್ಕಿಂತ ಕೆಳಕ್ಕೆ ಬಿತ್ತು. ಒಪ್ಪಿಗೆ ನಿಜವಾಗಿ ಬಂದಿದ್ದು ಮರುದಿನ. ಹಸಿರು ಕ್ಯಾಂಡಲ್ ನೋಡಿ ಕೊಂಡವನು, ಕೆಂಪು ಕ್ಯಾಂಡಲ್ ನೋಡಿ ಮಾರಿದವನು ಇಬ್ಬರೂ ಕಳೆದುಕೊಂಡರು. ಚಾರ್ಟಿನಲ್ಲಿ ಎರಡಕ್ಕೂ ಚಂದದ ವಿವರಣೆ ಇದ್ದೇ ಇತ್ತು. ಕ್ಯಾಂಡಲ್ ಸುದ್ದಿ ಅಲ್ಲ. ಯಾರದೋ ದೋಣಿ ಹೋಗಿ ಬಂದಾಯಿತು ಅನ್ನುವ ಗುರುತು ಮಾತ್ರ. ಈಗ ಆ ದೋಣಿಯ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಮುಗಳು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮಾಡುತ್ತವೆ.

ಸರಿ, ಅಷ್ಟು ಜಾಣ ಪ್ರೇಮಚಂದ್ ಮುಳುಗಿದ್ದು ಹೇಗೆ?

ಹತ್ತಿಯಿಂದ ಮುಂಬಯಿಗೆ ಬಂದ ಹೆಚ್ಚುವರಿ ದುಡ್ಡು ಎಂಟು ಕೋಟಿ ಪೌಂಡಿನ ಆಸುಪಾಸು ಅಂತ ಆ ಕಾಲದವರ ಲೆಕ್ಕ. ಅಷ್ಟು ದುಡ್ಡು ಸುಮ್ಮನೆ ಕೂರುತ್ತಾ? ಬ್ಯಾಂಕುಗಳು, ಹಣಕಾಸು ಸಂಘಗಳು, ಸಮುದ್ರಕ್ಕೆ ಮಣ್ಣು ತುಂಬಿ ಜಾಗ ಮಾಡುವ ಕಂಪನಿಗಳು ಸಾಲುಸಾಲಾಗಿ ಹುಟ್ಟಿದವು. ಅದರಲ್ಲಿ ದೊಡ್ಡದು ಬ್ಯಾಕ್‌ಬೇ ಕಂಪನಿ. ಸಮುದ್ರಕ್ಕೆ ಇನ್ನೂ ಮಣ್ಣು ಬೀಳುವ ಮೊದಲೇ ಅದರ ಷೇರು ಮುಖಬೆಲೆಯ ಹಲವು ಪಟ್ಟಿಗೆ ಕೈ ಬದಲಾಗುತ್ತಿತ್ತು. ಇವುಗಳ ಹಂಚಿಕೆ ಪ್ರೇಮಚಂದ್ ಕೈಯಲ್ಲಿತ್ತು. ಬೆಳಗಾದರೆ ಅವನ ಮನೆ ಮುಂದೆ ಜನ.

1863ರ ಒಂದು ಕಾನೂನು ಬ್ಯಾಂಕ್ ಆಫ್ ಬಾಂಬೆಗೆ ಷೇರುಗಳ ಮೇಲೆ ಸಾಲ ಕೊಡುವ ದಾರಿ ತೆರೆಯಿತು. ಬ್ಯಾಂಕಿನ ಒಳಗೆ ಪ್ರೇಮಚಂದ್ ಮಾತು ನಡೆಯುತ್ತಿತ್ತು. ಷೇರು ಒತ್ತೆ ಇಟ್ಟು ಸಾಲ, ಸಾಲದಿಂದ ಇನ್ನಷ್ಟು ಷೇರು, ಕೊಂಡದ್ದಕ್ಕೆ ಬೆಲೆ ಏರಿಕೆ, ಏರಿದ ಬೆಲೆಯ ಮೇಲೆ ಮತ್ತಷ್ಟು ಸಾಲ. ಲಿವರ್‌ಪೂಲ್‌ನಲ್ಲಿ ಹತ್ತಿ ಬೇಕಿದ್ದದ್ದು ನಿಜ, ಅದು ಸುದ್ದಿ. ಆದರೆ ಬ್ಯಾಕ್‌ಬೇ ಷೇರು ಏರುತ್ತಿದ್ದುದಕ್ಕೆ ಅದು ನಿನ್ನೆ ಏರಿತ್ತು ಅನ್ನುವುದೇ ಕಾರಣ. ಎಷ್ಟು ದೂರಕ್ಕೆ ದೋಣಿ ಕಳಿಸಿದರೂ ಅದರ ಹಿಂದೆ ತಿಳಿಯುವಂಥ ಸುದ್ದಿಯೇ ಇರಲಿಲ್ಲ. ಪ್ರೇಮಚಂದ್ ಎಡವಿದ್ದು ಇಲ್ಲಿ ಅಂತ ನನ್ನ ಓದು. ಸುದ್ದಿಯಿಂದ ಬೆಲೆ ಊಹಿಸುತ್ತಿದ್ದವನು ಬೆಲೆಯನ್ನೇ ಸುದ್ದಿ ಅಂದುಕೊಂಡ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನೆ ಶರಣಾಯಿತು. ಹತ್ತಿ ಬೆಲೆ ಕುಸಿಯಿತು. ಜುಲೈ 1ಕ್ಕೆ ವಾಯಿದೆ ವ್ಯಾಪಾರಗಳ ಲೆಕ್ಕ ಚುಕ್ತಾ ಆಗಬೇಕಿತ್ತು. ಆವತ್ತು ಕೊಳ್ಳುತ್ತೇನೆ ಅಂದವರ ಹತ್ತಿರ ಕೊಡೋಕೆ ದುಡ್ಡಿಲ್ಲ, ಮಾರುತ್ತೇನೆ ಅಂದವರ ಕೈಲಿದ್ದ ಕಾಗದಕ್ಕೆ ಬೆಲೆ ಇಲ್ಲ. 2,850 ರೂಪಾಯಿವರೆಗೆ ಹೋಗಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು. 1868ರಲ್ಲಿ ಬ್ಯಾಂಕೇ ಮುಚ್ಚಿತು, ವಿಚಾರಣಾ ಆಯೋಗ ಕೂತಿತು. ಅದೇ ಹೆಸರಿನಲ್ಲಿ ಶುರುವಾದ ಹೊಸ ಬ್ಯಾಂಕು ಮುಂದೆ ಇಂಪೀರಿಯಲ್ ಬ್ಯಾಂಕಿಗೆ ಸೇರಿ, ಇವತ್ತಿನ ಸ್ಟೇಟ್ ಬ್ಯಾಂಕ್ ಆಗಿದೆ.

ಪ್ರೇಮಚಂದ್ ದಿವಾಳಿಯಾದ. ಆದರೆ ಓಡಿಹೋಗಲಿಲ್ಲ. ಮುಂಬಯಿಯಲ್ಲೇ ಉಳಿದು ಮತ್ತೆ ದಲ್ಲಾಳಿ ಕೆಲಸ ಮಾಡಿದ. 1875ರಲ್ಲಿ ಶುರುವಾದ ದಲ್ಲಾಳಿಗಳ ಸಂಘದ ಸ್ಥಾಪಕರಲ್ಲಿ ಅವನ ಹೆಸರು ಮುಂದಿದೆ. ಇವತ್ತಿನ ಬಾಂಬೆ ಷೇರುಪೇಟೆ ಅದೇ. 1906ರಲ್ಲಿ ತೀರಿಕೊಂಡ.

ಅವನು ಉಳಿಸಿದ್ದೇನು ಅಂತ ನೋಡಿದರೆ, ಕೊಟ್ಟದ್ದು ಮಾತ್ರ. ಏರುಗಾಲದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಲಕ್ಷ, ಗಡಿಯಾರದ ಗೋಪುರಕ್ಕೆ ಎರಡು ಲಕ್ಷ ಕೊಟ್ಟಿದ್ದ. 1878ರಲ್ಲಿ ಪೂರ್ತಿಯಾದ ಆ ಗೋಪುರಕ್ಕೆ ಅವನ ತಾಯಿ ರಾಜಾಬಾಯಿಯ ಹೆಸರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಅವನ ಹೆಸರಿನ ವಿದ್ಯಾರ್ಥಿವೇತನ ಇದೆ.

ಆದರೆ ಧಾರವಾಡದ ಕಡೆ ಗೋಪುರ ಏಳಲಿಲ್ಲ. ಒಳ್ಳೆ ದರ ಇದ್ದಾಗ ರೈತನಿಗೆ ಸಾಲ ಕೊಡೋಕೆ ಸಾಹುಕಾರರು ಮುಗಿಬಿದ್ದಿದ್ದರು. ದರ ಬಿದ್ದ ಮೇಲೆ ಸಾಲ ಮಾತ್ರ ಇತ್ತು. ಇದೇ ಮುಂಬಯಿ ಪ್ರಾಂತ್ಯದ ಪುಣೆ, ಅಹಮದ್‌ನಗರದಲ್ಲಿ 1875ರಲ್ಲಿ ರೈತರು ಸಾಹುಕಾರರ ಲೆಕ್ಕದ ಪುಸ್ತಕ ಸುಟ್ಟರು. ಮರುವರ್ಷವೇ ದೊಡ್ಡ ಬರ ಬಂತು, ಧಾರವಾಡಕ್ಕೂ ಬಂತು.

ಮಾವನ ಮಗನಿಗೆ ನಾನು ಹೇಳಿದ್ದು ಇಷ್ಟೇ. ಕ್ರಿಪ್ಟೊದ ಐದು ನಿಮಿಷದ ಏರಿಳಿತದಲ್ಲಿ ನಿನ್ನ ದೋಣಿ ಇಲ್ಲ, ನೀನು ಮರದ ಕೆಳಗೆ ನಿಂತವನು. ಅದರ ಮೇಲೆ ಫ್ಯೂಚರ್ಸ್ ಅಂದರೆ ಸಾಲದ ವಾಯಿದೆ ವ್ಯಾಪಾರ. ಬೆಲೆ ಒಂಚೂರು ಎದುರಾದರೆ ಜುಲೈ 1ರ ತನಕ ಕಾಯೋದಿಲ್ಲ, ಆ ನಿಮಿಷಕ್ಕೇ ಲೆಕ್ಕ ಚುಕ್ತಾ. 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಹತ್ತಿರ ಇದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16 ಸಾವಿರದ ಹತ್ತಿರ ಬಂದಿತ್ತು. ನಮ್ಮಲ್ಲಿ 2022ರಿಂದ ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ.

ಅವನು ಒಪ್ಪಿದ ಅಂತ ಹೇಳಲಾರೆ. ತೋಟ ಹೀಗಿರುವಾಗ ಬೇರೆ ದಾರಿ ಏನಿದೆ ಅಂತ ತಿರುಗಿ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಿನ ತನಕ ಸೊಸೈಟಿ ಸಾಲ ಎತ್ತಿಲ್ಲ, ಇದ್ದ ಕಾಯಿನ್ ಮಾರಿಯೂ ಇಲ್ಲ.

ಒಂದು ವಿಷಯ ಮಾತ್ರ ಇಬ್ಬರಿಗೂ ಆವತ್ತೇ ಹೊಳೆಯಿತು. ಯಾರ ತೋಟಕ್ಕೆ ಕೊಳೆ ಬಂದಿದೆ, ಈ ಮಳೆಗೆ ಎಷ್ಟು ಮಂದಿಗೆ ಬೋರ್ಡೊ ಹೊಡೆಯೋಕೆ ಆಗಿಲ್ಲ, ಯಾರ ಅಟ್ಟದಲ್ಲಿ ಇನ್ನೂ ಎಷ್ಟು ಚೀಲ ರಾಶಿ ಅಡಿಕೆ ಇದೆ, ಇದೆಲ್ಲ ಅವನಿಗೆ ಜಗಲಿಯಲ್ಲಿ ಕೂತೇ ಗೊತ್ತು. ಬೆಂಗಳೂರಿನಲ್ಲಿ ಕೂತ ನನಗೆ ಇದು ಗೊತ್ತಾಗೋದು ದರ ಬದಲಾದ ಮೇಲೆ. ಅಡಿಕೆಯ ಮಟ್ಟಿಗೆ ದೋಣಿ ಅವನದು.